ಇನ್ನೂರೈವತ್ತು ಡಾಲರಿನ ಗಾಳ

ಟೆಕ್ಸಾಸಿನ ಬೇಲಿಗಳು ಹರಟೆಗೆ ಹೇಳಿ ಮಾಡಿಸಿದವಲ್ಲ. ಆರಡಿ ಎತ್ತರಕ್ಕೆ ಸೀಡರ್ ಹಲಗೆಗಳನ್ನು ಸಂದಿಲ್ಲದಂತೆ ಹೊಡೆದಿರುತ್ತಾರೆ. ಪಕ್ಕದ ಮನೆಯವರು ಇದ್ದಾರೋ ಇಲ್ಲವೋ ಎಂಬುದನ್ನು ಬಾರ್ಬೆಕ್ಯೂ ಹೊಗೆ ನೋಡಿಯೇ ತಿಳಿಯಬೇಕು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ನಮ್ಮ ಮನೆಗೂ ಗೌಡರ ಮನೆಗೂ ನಡುವಿನ ಬೇಲಿಯಲ್ಲಿ ಮಾತ್ರ ಗಾಳಿಮಳೆಗೆ ಎರಡು ಹಲಗೆ ಬಿದ್ದುಹೋಗಿವೆ. ಸರಿಮಾಡಿಸಿ ಎಂದು ಬಡಾವಣೆಯ ಸಂಘದವರು ಕಾಗದ ಬರೆದರು. ಗೌಡರು ತಾವು ಮಾಡಿಸುತ್ತೇವೆ ಎಂದರು, ನಾನು ಛೆ ಛೆ ನಾನೇ ಮಾಡಿಸುತ್ತೇನೆ ಎಂದೆ. ಹಾಗಾಗಿ ಯಾರೂ ಮಾಡಿಸಿಲ್ಲ.

ಮೊನ್ನೆ ಶನಿವಾರ ಆ ಸಂದಿಯಲ್ಲಿ ಮೊದಲು ಒಂದು ಕೈ, ಕೈಯಲ್ಲಿ ಮೊಬೈಲು, ಆಮೇಲೆ ಗೌಡರ ಮುಖ ಬಂತು.

“ಅಣ್ಣ, ಇದೊಂಚೂರು ನೋಡಿ. ಫ್ಲೈ ಫಿಶಿಂಗ್ ಶುರು ಮಾಡಣಾಂತ. ಎಲ್ಲಾ ಕಾರ್ಟಿಗೆ ಹಾಕಿದೀನಿ, ಬಟನ್ ಒತ್ತೋದೊಂದು ಬಾಕಿ.”

ನೋಡಿದೆ. ಕಡ್ಡಿ, ರೀಲು, ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು, ಹದಿನಾರು ಜೇಬಿನ ಅಂಗಿ, ಮರದ ಹಿಡಿಯ ಬಲೆ, ಆ ಬಲೆಯನ್ನು ಬೆನ್ನಿಗೆ ಸಿಕ್ಕಿಸಿಕೊಳ್ಳಲು ಅಯಸ್ಕಾಂತ. ಕೆಳಗೆ ಮೊತ್ತ ಸಾವಿರದ ಇನ್ನೂರು ಡಾಲರಿನ ಆಸುಪಾಸು.

“ಮನೇಲಿ ಎಷ್ಟು ಸ್ಯಾಂಕ್ಷನ್ ಆಗಿದೆ?”

“250.”

“ಮಿಕ್ಕಿದ್ದು?”

“ಮಿಕ್ಕಿದ್ದು ಆಮೇಲೆ ನೋಡ್ಕಳಣಾಂತ.”

ಗೌಡರು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯವರು. ಅಲ್ಲಿ ಕಾವೇರಿಯ ದಡದ ದೇವಸ್ಥಾನದ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಪುರಿ ಎಸೆದರೆ ಮೊಳದುದ್ದದ ಮೀನುಗಳು ಮೆಟ್ಟಿಲ ತನಕ ಬಂದು ಬಾಯಿ ತೆರೆಯುತ್ತವೆ. ಬಾಲ್ಯವೆಲ್ಲ ಕೈಗೆಟಕುವಷ್ಟು ಹತ್ತಿರ ಮೀನು ಕಂಡು, ಒಂದನ್ನೂ ಮುಟ್ಟದೆ ಬೆಳೆದವರಿಗೆ ಗಾಳದ ಆಸೆ ಹುಟ್ಟುವುದು ಸಹಜ. ಹಾಗಂತ ಆ ಆಸೆಗೆ ಹದಿನಾರು ಜೇಬು ಬೇಕಾಗಿಲ್ಲ.

“ಯಾವ ಮೀನಿಗೆ ಗೌಡ್ರೇ?”

“ಬಾಸ್. ನಮ್ಮ ಬಡಾವಣೆ ಕೆರೇಲೇ ಇದಾವಲ್ಲ.”

ಅದು ಕೆರೆಯಲ್ಲ, ಮಳೆನೀರು ನಿಲ್ಲಿಸುವ ಹೊಂಡ. ಆದರೆ ಲಾರ್ಜ್‌ಮೌತ್ ಬಾಸ್ ಅಂಥ ಭೇದವನ್ನೆಲ್ಲ ಎಣಿಸುವ ಮೀನಲ್ಲ. ಟ್ರೌಟ್ ಮೀನಿಗೆ ತಣ್ಣನೆಯ, ತಿಳಿಯಾದ, ಹರಿಯುವ ನೀರು ಬೇಕು. ಬಾಸ್ ಬೆಚ್ಚಗಿನ ಹೊಂಡದಲ್ಲಿ, ಕಳೆ ಬೆಳೆದ ದಡದಲ್ಲಿ, ಗಾಲ್ಫ್ ಮೈದಾನದ ನಡುವಿನ ಗುಂಡಿಯಲ್ಲಿ ನೆಮ್ಮದಿಯಾಗಿರುತ್ತದೆ. ಕಪ್ಪೆ, ಸಿಗಡಿ, ಮರಿಮೀನು, ಕೊಡತಿ ಹುಳು, ಕೆಲವೊಮ್ಮೆ ಬಾತುಕೋಳಿ ಮರಿ, ಬಾಯಿಗೆ ಹಿಡಿಸಿದ್ದೆಲ್ಲ ಅದರ ಊಟ. ಫ್ಲೈ ಫಿಶಿಂಗಿಗೆ ದೊಡ್ಡಮನುಷ್ಯರ ಆಟವೆಂಬ ಹೆಸರು ಬಂದದ್ದು ಇಂಗ್ಲೆಂಡಿನ ಟ್ರೌಟು, ಸಾಲ್ಮನ್ನುಗಳಿಂದ. 1881ರಲ್ಲಿ ಜೇಮ್ಸ್ ಹೆನ್‌ಶಲ್ ಎಂಬ ವೈದ್ಯ ಬಾಸ್ ಮೀನಿನ ಮೇಲೇ ಒಂದು ದಪ್ಪ ಪುಸ್ತಕ ಬರೆದು, ಈ ಮೀನೂ ಮರ್ಯಾದೆಗೆ ಅರ್ಹ ಎಂದು ವಾದಿಸಬೇಕಾಯಿತು. ವಾದವೇನೋ ಗೆದ್ದಿತು, ಆದರೆ ಅಂಗಡಿಗಳು ಇವತ್ತಿಗೂ ಬಾಸ್ ಹಿಡಿಯುವವರಿಗೆ ಟ್ರೌಟಿನ ವೇಷಭೂಷಣವನ್ನೇ ಮಾರುತ್ತವೆ.

“ಮೊದಲು ಒಂದು ಮಾತು ಗೌಡ್ರೇ. ನಿಮಗೆ ಬರೀ ಮೀನು ಬೇಕು ಅಂದ್ರೆ ಫ್ಲೈ ಸಹವಾಸವೇ ಬೇಡ. ನಲವತ್ತು ಡಾಲರಿಗೆ ಸ್ಪಿನ್ನಿಂಗ್ ಕಡ್ಡಿ ಬರುತ್ತೆ, ಜೊತೆಗೆ ಐದು ಡಾಲರಿಗೆ ಒಂದು ಚೀಲ ಪ್ಲಾಸ್ಟಿಕ್ ಎರೆಹುಳ. ಸಾಯಂಕಾಲದೊಳಗೆ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬಹುದು.”

“ಅದನ್ನ ಎಲ್ಲಾರೂ ಮಾಡ್ತಾರೆ ಬಿಡಿ ಅಣ್ಣ. ಆ ದಾರ ಗಾಳೀಲಿ ಸುರುಳಿ ಬಿಚ್ಚೋದನ್ನ ಯೂಟ್ಯೂಬಲ್ಲಿ ನೋಡಿದೆ. ನಂಗದು ಬೇಕು.”

ಇದು ಸರಿಯಾದ ಕಾರಣ. ಆ ಸುರುಳಿಗಾಗಿ ಬಂದವರಿಗೆ ಏನಾದರೂ ಹೇಳಿಕೊಡಬಹುದು. ಕಾಫಿ ಲೋಟ ಬೇಲಿಯ ಅಡ್ಡಪಟ್ಟಿಯ ಮೇಲಿಟ್ಟು ಶುರು ಮಾಡಿದೆ.

ಮಾಮೂಲಿ ಗಾಳದಲ್ಲಿ ತುದಿಗೆ ತೂಕವಿರುತ್ತದೆ. ನೀವು ಆ ತೂಕವನ್ನು ಎಸೆಯುತ್ತೀರಿ, ಅದು ಹಿಂದಿನಿಂದ ತಂಗೂಸಿ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬುದು ಗರಿ, ಕೂದಲು ಸುತ್ತಿದ ಕೊಕ್ಕೆ. ಅದಕ್ಕೆ ತೂಕವೇ ಇಲ್ಲ. ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೆ ಕೊಟ್ಟಿದ್ದಾರೆ. ಗಾಡಿ ಹೊಡೆಯುವವನ ಬಾರುಕೋಲಿನಲ್ಲಿ ಕೋಲಿನ ಬೀಸು ಬಾರಿನುದ್ದಕ್ಕೂ ಹರಿದು ತುದಿಯಲ್ಲಿ ಚಟೀರೆನ್ನುತ್ತದಲ್ಲ, ಅದೇ ಲೆಕ್ಕ. ಇಲ್ಲಿ ಚಟೀರೆನ್ನಬಾರದು ಅಷ್ಟೆ, ಎಂದರೆ ತುದಿಯ ಫ್ಲೈ ಕಿತ್ತುಹೋಯಿತು ಅಂತ ಅರ್ಥ. ಸುಮಾರು 90 ಅಡಿಯ, ಪ್ಲಾಸ್ಟಿಕ್ ಲೇಪದ ಆ ದಪ್ಪ ದಾರವೇ ಈ ಆಟದ ಜೀವ.

ಇದನ್ನು ಕೇಳಿದ ಮೇಲೂ ಜನ ಕಡ್ಡಿಗೆ ಎಂಟುನೂರು, ರೀಲಿಗೆ ಮುನ್ನೂರು ಸುರಿದು, ದಾರಕ್ಕೆ ಬಂದಾಗ ಇಪ್ಪತ್ತು ಡಾಲರಿನದು ಸಾಕು ಎನ್ನುತ್ತಾರೆ. ಕಡ್ಡಿ ಕಣ್ಣಿಗೆ ಕಾಣುತ್ತದೆ, ರೀಲು ಹೊಳೆಯುತ್ತದೆ, ದಾರ ಸುತ್ತಿಕೊಂಡು ಒಳಗೆ ಕೂತಿರುತ್ತದೆ. ನನ್ನನ್ನು ಕೇಳಿದರೆ 250 ಡಾಲರಿನಲ್ಲಿ ಮೊದಲು ದಾರದ ದುಡ್ಡು ತೆಗೆದಿಟ್ಟು, ಉಳಿದದ್ದರಲ್ಲಿ ಬಾಕಿಯದನ್ನು ಹೊಂದಿಸಬೇಕು.

ಈ ದಾರಗಳಿಗೆ ನಂಬರಿದೆ. ಮೊದಲ 30 ಅಡಿ ದಾರವನ್ನು ತೂಗಿ ನಂಬರು ಕೊಡುತ್ತಾರೆ. 5ನೇ ನಂಬರಿನದು 140 ಗ್ರೇನ್, ಅಂದರೆ ಒಂಬತ್ತು ಗ್ರಾಂ ಚಿಲ್ಲರೆ. 8ನೇ ನಂಬರು 210 ಗ್ರೇನ್, ಹದಿಮೂರೂವರೆ ಗ್ರಾಮಿನ ಮೇಲೊಂದಿಷ್ಟು. ಕಡ್ಡಿಯ ಮೇಲೂ ಅದೇ ನಂಬರು ಬರೆದಿರುತ್ತದೆ, ಅದೂ ಇದೂ ತಾಳೆಯಾಗಬೇಕು. ಗೌಡರ ಕಾರ್ಟಿನಲ್ಲಿದ್ದದ್ದು 5ನೇ ನಂಬರು.

“ಈ ಹೊಂಡದ ಮೀನು ಒಂದೋ ಎರಡೋ ಪೌಂಡು ಅಣ್ಣ. 5 ಸಾಕು ಅಂತ ಅಂಗಡಿಯೋನೇ ಬರ್ದಿದಾನೆ.”

“ಮೀನಿನ ತೂಕ ಎತ್ತಕ್ಕೆ 5 ಧಾರಾಳ ಸಾಕು. ಆದರೆ ಗೌಡ್ರೇ, ಮೀನು ಸಿಕ್ಕೋದು ದಿನಕ್ಕೆ ಎರಡು ನಿಮಿಷ. ಉಳಿದ ಹೊತ್ತೆಲ್ಲ ನೀವು ಎಸೆಯೋದು ಫ್ಲೈನ. ಅದರ ಗಾತ್ರ ನೋಡಿ ಕಡ್ಡಿ ತಗೋಬೇಕು.”

ಟ್ರೌಟಿಗೆ ಎಸೆಯುವುದು ಅಕ್ಕಿಕಾಳಿನಷ್ಟು ಸೊಳ್ಳೆಯನ್ನು. ಬಾಸಿಗೆ ಎಸೆಯುವುದು ಬೆಂಡಿನ ಕಪ್ಪೆಯನ್ನು. ಅದಕ್ಕೆ ಕಾಲು, ಬಾಲ, ಅಗಲ ಮೂತಿ ಎಲ್ಲ ಉಂಟು, ಗಾಳಿಗೆ ಎದುರು ನಿಲ್ಲುತ್ತದೆ. ಅದನ್ನು 5ನೇ ನಂಬರಿನ ತೆಳ್ಳನೆಯ ದಾರ ಎಳೆದುಕೊಂಡು ಹೋಗಲಾರದೆ ಅರ್ಧದಲ್ಲೇ ಕೈಬಿಡುತ್ತದೆ. ಅದರ ಮೇಲೆ ಮಾರ್ಚಿನಲ್ಲಿ ನಮ್ಮ ಕಡೆ ಬೀಸುವ ಗಾಳಿ. ಮೀನು ಸಿಕ್ಕರೆ ನೇರ ಹೋಗಿ ಕಳೆಯೊಳಗೆ ತಲೆ ತೂರಿಸುತ್ತದೆ, ಅಲ್ಲಿಂದ ಎಳೆದು ತೆಗೆಯಲು ಕಡ್ಡಿಯ ಬುಡದಲ್ಲಿ ಕಸುವಿರಬೇಕು. ಒಂದೇ ಕಡ್ಡಿ ಕೊಳ್ಳುವವರಿಗೆ 9 ಅಡಿಯ, ನಾಲ್ಕು ತುಂಡಾಗಿ ಬಿಚ್ಚುವ 8ನೇ ನಂಬರು ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ. ಹಳ್ಳದ ಸಣ್ಣ ಮೀನಿಗೆ 6 ಚೆಂದ ಎನ್ನುವವರಿದ್ದಾರೆ. ಅವರ ಮಾತೂ ಸುಳ್ಳಲ್ಲ, ಆದರೆ ಅವರ ಹತ್ತಿರ 6ರ ಜೊತೆಗೆ 8 ಕೂಡ ಇರುತ್ತದೆ.

ಕಡ್ಡಿಯ ಬ್ರ್ಯಾಂಡಿನ ವಿಷಯಕ್ಕೆ ಗೌಡರು ಬಹಳ ಓದಿಕೊಂಡಿದ್ದರು. ಓದಿದ್ದೆಲ್ಲ ಸಾವಿರ ಡಾಲರಿನ ಕಡ್ಡಿಗಳ ಬಗ್ಗೆ. ನಿಜವೇ, ಅವು ಹಗುರ, ಹತ್ತು ಅಡಿ ಹೆಚ್ಚು ದೂರ ಹೋಗುತ್ತವೆ, ಎಸೆಯಲು ಬಂದವನ ಕೈಯಲ್ಲಿ. ಬಾಸಿಗೆ ಬೇಕಾದದ್ದು ನಲವತ್ತು ಅಡಿ. ಒಂದು ಕಾಲದಲ್ಲಿ ಅಮೆರಿಕದ ಒಳ್ಳೆಯ ಫ್ಲೈ ಕಡ್ಡಿಗಳನ್ನೆಲ್ಲ ಬಿದಿರು ಸೀಳಿ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬಿದಿರು ಹೋಗುತ್ತಿದ್ದದ್ದು ನಮ್ಮ ಕಲ್ಕತ್ತೆಯಿಂದ, ಆಮೇಲೆ ಚೀನಾದ ಟಾಂಕಿನ್ ಬಿದಿರು ಅದನ್ನು ಹಿಂದೆ ಹಾಕಿತು. ಬಿದಿರಾದ ಮೇಲೆ ಫೈಬರ್‌ಗ್ಲಾಸ್ ಬಂತು, 1970ರ ದಶಕದಲ್ಲಿ ಗ್ರಾಫೈಟ್ ಬಂತು. ಆಗ ಗ್ರಾಫೈಟ್ ಶ್ರೀಮಂತರ ವಸ್ತುವಾಗಿತ್ತು. ಈಗ ನೂರು ಡಾಲರಿನ ಕಡ್ಡಿಯೂ ಅದರದೇ.

“ನೂರು ಡಾಲರಿನದು ಮುರಿದ್ರೆ?”

“ಸಾವಿರದ್ದೂ ಮುರಿಯುತ್ತೆ. ಕಡ್ಡಿ ಮುರಿಯೋದು ಮೀನು ಎಳೆದು ಅಲ್ಲ, ಕಾರಿನ ಬಾಗಿಲಿಗೆ ಸಿಕ್ಕಿ, ಸೀಲಿಂಗ್ ಫ್ಯಾನಿಗೆ ತಾಗಿ. ಅದಕ್ಕೇ ಗ್ಯಾರಂಟಿ ನೋಡಿ ತಗೊಳ್ಳಿ.”

ಡಲ್ಲಾಸಿನ ಟೆಂಪಲ್ ಫೋರ್ಕ್, ಎಕೋ, ರೆಡಿಂಗ್‌ಟನ್ ಇವರೆಲ್ಲ ಕೈಗೆಟಕುವ ಬೆಲೆಯ ಕಡ್ಡಿ ಮಾಡುತ್ತಾರೆ. ಮುರಿದ ತುಂಡಿಗೆ ಬದಲಿ ಕೊಡುವ ವ್ಯವಸ್ಥೆ ಇದೆಯೇ, ಅದಕ್ಕೆ ಎಷ್ಟು ಶುಲ್ಕ, ಇಷ್ಟು ವಿಚಾರಿಸಿ ಕಣ್ಣಿಗೆ ಹಿಡಿಸಿದ ಬಣ್ಣ ಆರಿಸಿಕೊಂಡರೆ ಮುಗಿಯಿತು. ಕಡ್ಡಿ, ರೀಲು, ದಾರ ಎಲ್ಲ ಒಟ್ಟಿಗೆ ಬರುವ ಕಿಟ್ಟುಗಳೂ ಇವೆ. ಅವು ಕೆಟ್ಟವಲ್ಲ. ಆದರೆ ಅಗ್ಗದ ಕಿಟ್ಟಿನಲ್ಲಿ ಖರ್ಚು ಉಳಿಸುವುದು ಎಲ್ಲಿ ಎಂದರೆ ದಾರದಲ್ಲೇ. ಕಿಟ್ ಕೊಂಡರೂ ಅದರ ದಾರವನ್ನು ಟೊಮ್ಯಾಟೊ ಗಿಡ ಕಟ್ಟಲು ಇಟ್ಟುಕೊಂಡು, ಬಾಸ್‌ಗೆಂದೇ ಮಾಡಿದ, ತೂಕವೆಲ್ಲ ಮುಂಭಾಗಕ್ಕೆ ಬಂದಿರುವ, ನೀರಮೇಲೆ ತೇಲುವ ದಾರವನ್ನು ಬೇರೆ ತರುವುದು ವಾಸಿ. ನೂರು ದಾಟಿದ ದಾರಗಳೂ ಉಂಟು. ಐವತ್ತು, ಅರವತ್ತರ ನಡುವೆ ಹುಡುಕಿದರೆ ಒಳ್ಳೆಯದು ಸಿಗುತ್ತದೆ. ಚಳಿಗಾಲದಲ್ಲಿ ಹೋದ ವರ್ಷದ ಬಣ್ಣದ ದಾರಗಳನ್ನು ಕಡಿಮೆಗೆ ಹಾಕುತ್ತಾರೆ. ಬಣ್ಣ ಹೋದ ವರ್ಷದ್ದಾದರೆ ಮೀನಿಗೇನು?

ರೀಲಿನ ವಿಷಯ ಎತ್ತಿದಾಗ ಗೌಡರ ಮುಖ ಸಣ್ಣಗಾಯಿತು. ಅವರು ಆರಿಸಿದ್ದು ಸಮುದ್ರದ ಮೀನುಗಳಿಗೆಂದು ಮಾಡಿದ, ನೂರು ಗಜ ಓಡುವ ಮೀನನ್ನು ತಡೆಯುವ ಬ್ರೇಕಿರುವ ನೀಲಿ ರೀಲು. ಬಾಸ್ ಓಡುವ ಜಾತಿಯಲ್ಲ. ಕಚ್ಚುತ್ತದೆ, ನೀರಮೇಲೆ ಹಾರಿ ತಲೆ ಕೊಡವುತ್ತದೆ, ಕಳೆಗೆ ನುಗ್ಗುತ್ತದೆ, ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ನಾವು ಎಡಗೈಯಲ್ಲಿ ದಾರ ಎಳೆದುಕೊಂಡೇ ಮೀನನ್ನು ದಡಕ್ಕೆ ತರುತ್ತೇವೆ. ರೀಲು ಸುಮ್ಮನೆ ದಾರ ಇಟ್ಟುಕೊಳ್ಳುವ ಡಬ್ಬಿ. ನಲವತ್ತು ಡಾಲರಿನದು ಸಾಕು. ಗ್ಯಾರೇಜ್ ಸೇಲಿನಲ್ಲಿ ಯಾರದೋ ತಾತನ ಹಳೆಯ ಫ್ಲೂಗರ್ ಮೆಡಲಿಸ್ಟ್ ಸಿಕ್ಕರೆ ಇನ್ನೂ ಸಂತೋಷ, ಅದರ ಕಟಕಟ ಸದ್ದು ಕೇಳಲಿಕ್ಕೇ ಕೊಳ್ಳಬಹುದು.

“ದೊಡ್ಡದು ಸಿಕ್ಕಿಬಿಟ್ರೆ ಅಣ್ಣ? ಟೆಕ್ಸಾಸಲ್ಲಿ ಹದಿನೆಂಟು ಪೌಂಡಿಂದು ಸಿಕ್ಕಿದೆಯಂತೆ.”

ಸಿಕ್ಕಿದೆ. 1992ರಲ್ಲಿ, ಪೂರ್ವ ಟೆಕ್ಸಾಸಿನ ಲೇಕ್ ಫೋರ್ಕಿನಲ್ಲಿ, 18.18 ಪೌಂಡು. ಹಿಡಿದವರು ಬಾಸಿಗೆ ಹೋಗಿಯೇ ಇರಲಿಲ್ಲ, ಕ್ರಾಪಿ ಎಂಬ ಸಣ್ಣ ಮೀನಿಗೆಂದು ಜೀವಂತ ಮರಿಮೀನು ಕಟ್ಟಿ ಕೂತಿದ್ದರು. ಅದೂ ಹೋಗಲಿ. ಜಾರ್ಜಿಯಾದ ಜಾರ್ಜ್ ಪೆರಿಯ ಕತೆ ಗೌಡರಿಗೆ ಗೊತ್ತಿರಲಿಲ್ಲ. 1932ರ ಜೂನ್ 2, ಅಮೆರಿಕಕ್ಕೆಲ್ಲ ಬಡತನ ಬಡಿದಿದ್ದ ಕಾಲ. ಮಳೆ ಬಂದು ಹೊಲದ ಕೆಲಸ ನಿಂತಿತ್ತು ಅಂತ ಪೆರಿ ಗೆಳೆಯನ ಜೊತೆ ಮಾಂಟ್ಗಮರಿ ಲೇಕ್ ಎಂಬ ನದಿಯ ಹಿನ್ನೀರಿಗೆ ಹೋದ. ಇಬ್ಬರ ನಡುವೆ ಇದ್ದದ್ದು ಒಂದು ಕಡ್ಡಿ, ಒಂದು ಮರದ ಮೀನು. ಸರದಿಯ ಮೇಲೆ ಎಸೆಯುತ್ತಿದ್ದರಂತೆ. ಅವತ್ತು ಸಿಕ್ಕಿದ ಬಾಸ್ 22 ಪೌಂಡು 4 ಔನ್ಸ್. ಮೀನನ್ನು ತೂಗಿಸಿದ, ಒಂದು ಪತ್ರಿಕೆಯ ಸ್ಪರ್ಧೆಗೆ ವಿವರ ಕಳಿಸಿದ, ಮನೆಗೆ ಒಯ್ದು ಎಲ್ಲರೂ ತಿಂದರು. ಸ್ಪರ್ಧೆಯಲ್ಲಿ 75 ಡಾಲರಿನ ಸಾಮಾನು ಬಹುಮಾನ ಬಂತು. ಆ ದಾಖಲೆಗೆ ಸಮನಾದ ಮೀನು ಮತ್ತೆ ಸಿಕ್ಕಿದ್ದು 2009ರಲ್ಲಿ, ಅದೂ ಅಮೆರಿಕದಲ್ಲಲ್ಲ, ಜಪಾನಿನ ಬಿವಾ ಸರೋವರದಲ್ಲಿ. ಅದು ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆ ಮುರಿಯಲು ಎರಡು ಔನ್ಸಾದರೂ ಹೆಚ್ಚಿರಬೇಕೆಂಬ ನಿಯಮವಿದ್ದದ್ದರಿಂದ ಇಬ್ಬರ ಹೆಸರೂ ಒಟ್ಟಿಗೆ ಉಳಿದುಕೊಂಡಿವೆ.

“ಒಂದೇ ಕಡ್ಡೀಲಿ ಇಬ್ಬರು,” ಎಂದರು ಗೌಡರು, ನೀಲಿ ರೀಲನ್ನು ಕಾರ್ಟಿನಿಂದ ತೆಗೆಯುತ್ತ.

“ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದೂ ಉಂಟು, ಮೈಸೂರಿನ ವ್ಯಾನ್ ಇಂಗೆನ್ ಮನೆಯವರು. ಈಗಿನ ನೀಲಿ ರೀಲು ಆವಾಗ ಎಲ್ಲಿತ್ತು?”

ನೂರಿಪ್ಪತ್ತು ಪೌಂಡು ಎಂದ ಕೂಡಲೇ ಗೌಡರಿಗೆ ಊರಿನ ಮಡು ನೆನಪಾಯಿತು. ಹತ್ತು ನಿಮಿಷ ರಾಮನಾಥಪುರ, ಅಲ್ಲಿಂದ ಮೂಡಿಗೆರೆ. ಅಲ್ಲಿದ್ದ ಸಾಹಿತಿ ತೇಜಸ್ವಿಯವರ ಗಾಳದ ಹುಚ್ಚು, ಅದನ್ನು ಓದಿ ಕಡ್ಡಿ ಹಿಡಿದ ನಮ್ಮ ಕಾಲೇಜಿನ ಹುಡುಗರು, ಅವರ್ಯಾರಿಗೂ ಮೀನು ಸಿಗದಿದ್ದದ್ದು. ಕಾಫಿ ಆರಿಹೋಯಿತು, ಎರಡನೆಯ ಲೋಟ ಬಂತು, ಮತ್ತೆ ಗಾಳದ ಸಾಮಾನಿಗೆ ಬಂದೆವು.

ಮುಖ್ಯ ದಾರದ ತುದಿಗೂ ಫ್ಲೈಗೂ ನಡುವೆ ಕಣ್ಣಿಗೆ ಕಾಣದ ತಂಗೂಸಿ ಬೇಕು. ಅದನ್ನು ಲೀಡರ್ ಎನ್ನುತ್ತಾರೆ, ಬುಡ ದಪ್ಪ ತುದಿ ಸಣ್ಣ ಮಾಡಿ ಪೊಟ್ಟಣ ಕಟ್ಟಿ ಐದಾರು ಡಾಲರಿಗೆ ಒಂದರಂತೆ ಮಾರುತ್ತಾರೆ. ಬಾಸಿಗೆ ಅದನ್ನು ಕೊಳ್ಳುವುದು ದುಂದು. ಮೂವತ್ತು, ಇಪ್ಪತ್ತು, ಹನ್ನೆರಡು ಪೌಂಡಿನ ಸಾದಾ ತಂಗೂಸಿಯ ಉರುಳೆಗಳನ್ನು ತಂದು ಎರಡೆರಡೂವರೆ ಅಡಿ ಗಂಟು ಹಾಕಿಕೊಂಡರೆ ಏಳೂವರೆ ಅಡಿಯ ಲೀಡರ್ ಆಯಿತು, ವರ್ಷಗಟ್ಟಲೆ ಬರುತ್ತದೆ. ಟ್ರೌಟಿನವರು ಕೂದಲೆಳೆಗೂ ಸಣ್ಣದು ಬೇಕೆಂದು ಒದ್ದಾಡುತ್ತಾರೆ. ಬಾಸ್ ತಂಗೂಸಿಯ ದಪ್ಪ ಅಳೆಯುತ್ತ ಕೂರುವುದಿಲ್ಲ, ಆದರೆ ಕಳೆ ಮಾತ್ರ ಸಣ್ಣ ದಾರವನ್ನು ಕ್ಷಮಿಸುವುದಿಲ್ಲ.

ಇನ್ನು ಫ್ಲೈ. ನನಗೆ ಇಷ್ಟವಾದ ಭಾಗ ಇದೇ, ದುಡ್ಡು ಉಳಿಯುವುದೂ ಇಲ್ಲೇ. ಅಂಗಡಿಯಲ್ಲಿ ಬಾಸ್ ಫ್ಲೈ ಒಂದಕ್ಕೆ ನಾಲ್ಕೈದು ಡಾಲರ್, ಜಿಂಕೆ ಕೂದಲಿನ ಚಂದದ ಕಪ್ಪೆಗಳು ಹತ್ತನ್ನೂ ಮುಟ್ಟುತ್ತವೆ. ಮೊದಲ ಎಸೆತಕ್ಕೇ ಎದುರು ದಡದ ವಿಲೋ ಮರಕ್ಕೆ ಅದನ್ನು ಸಿಕ್ಕಿಸಿ ಬರುವವರಿಗೆ ಇದು ದುಬಾರಿ ಆಟ. ಆದರೆ ಬಾಸ್ ಫ್ಲೈಯ ವಂಶಾವಳಿ ತೆಗೆದು ನೋಡಿದರೆ ಎಲ್ಲವೂ ಮನೆಯ ಸಾಮಾನು. ವಿಲಿಯಂ ಬಾರ್ಟ್ರಮ್ ಎಂಬ ಸಸ್ಯವಿಜ್ಞಾನಿ ಫ್ಲಾರಿಡಾ ಕಡೆ ತಿರುಗಿ ಬರೆದ, 1791ರಲ್ಲಿ ಅಚ್ಚಾದ ಪ್ರವಾಸದ ಪುಸ್ತಕದಲ್ಲಿ ಬಾಸ್ ಹಿಡಿಯುವ ಒಂದು ಕ್ರಮ ವರ್ಣಿಸಿದ್ದಾನೆ. ಮೂರು ಕೊಕ್ಕೆ ಸೇರಿಸಿ, ಅದಕ್ಕೆ ಜಿಂಕೆ ಬಾಲದ ಬಿಳಿ ಕೂದಲು, ಕೆಂಪು ಕಾಲ್ಪಟ್ಟಿಯ ಚೂರು, ಬಣ್ಣದ ಗರಿ ಸುತ್ತಿ, ದೋಣಿಯಿಂದ ಉದ್ದ ಕೋಲಿನಲ್ಲಿ ನೀರಿನ ಮೇಲ್ಮೈಗೆ ತಾಗಿಯೂ ತಾಗದಂತೆ ಕುಣಿಸುವುದು. ಇವತ್ತಿನ ಹತ್ತು ಡಾಲರಿನ ಫ್ಲೈಯಲ್ಲಿರುವುದೂ ಅದೇ ಜಿಂಕೆ ಕೂದಲು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಟೆನೆಸ್ಸೀಯ ಚಟಾನೂಗದ ಅರ್ನೆಸ್ಟ್ ಪೆಕಿನ್‌ಪಾ ಎಂಬಾತ ಬಾಟಲಿಯ ಕಾರ್ಕಿಗೆ ಕೊಕ್ಕೆ ತೂರಿಸಿ ಬಣ್ಣ ಬಳಿದು ನೀರಮೇಲೆ ಕುಣಿಸಿದ. ಪಾಪರ್ ಎಂದು ಇವತ್ತು ಮಾರುವ ಫ್ಲೈಗೆ ಆ ಕಾರ್ಕೇ ಮೂಲಪುರುಷ.

“ನಿಮ್ಮನೇಲಿ ಹಳೇ ಹವಾಯಿ ಚಪ್ಪಲಿ ಇದೆಯಾ ಗೌಡ್ರೇ?”

“ಯಾಕಣ್ಣ?”

“ಎಸೀಬೇಡಿ.”

ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಹೆಬ್ಬೆರಳ ತುದಿಯಷ್ಟು ಸಿಲಿಂಡರಾಗಿ ಕತ್ತರಿಸಿ, ಮುಖದ ಕಡೆ ಸ್ವಲ್ಪ ಗುಳಿ ಮಾಡಬೇಕು. ಉದ್ದ ಕಾಲಿನ 2ನೇ ನಂಬರಿನ ಕೊಕ್ಕೆಗೆ ದಾರ ಸುತ್ತಿ, ಬೆಂಡಿನ ಹೊಟ್ಟೆ ಸೀಳಿ ಕೂರಿಸಿ ಸೂಪರ್ ಗ್ಲೂ ಹಾಕಬೇಕು. ಕೊಕ್ಕೆಯ ಬಾಯಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದು ಮುಖ್ಯ. ಬೆಂಡು ಕೆಳಗಿಳಿದರೆ ಮೀನು ಕಚ್ಚಿದರೂ ಕೊಕ್ಕೆ ನಾಟುವುದಿಲ್ಲ. ಬಾಲಕ್ಕೆ ಕೋಳಿಗರಿ ಎರಡು, ಕಾಲಿಗೆ ರಬ್ಬರ್ ಬ್ಯಾಂಡ್ ನಾಲ್ಕು ಎಳೆ. ಮಗಳ ಉಗುರುಬಣ್ಣದಲ್ಲಿ ಕಣ್ಣು ಬರೆದರೆ ಆಯಿತು. ಕಣ್ಣು ಮೀನಿಗೆ ಬೇಕೋ ಬೇಡವೋ ಗೊತ್ತಿಲ್ಲ, ಬರೆದವರಿಗೆ ಸಮಾಧಾನ. ಒಂದು ಜೊತೆ ಚಪ್ಪಲಿಯಲ್ಲಿ ಎರಡು ಬೇಸಿಗೆ ಕಳೆಯಬಹುದು.

ನೀರೊಳಗೆ ಹೋಗುವ ಫ್ಲೈಗಳಲ್ಲಿ ಎರಡನ್ನು ಮಾತ್ರ ಕೊಂಡುಕೊಳ್ಳಿ ಎಂದೆ. ಒಂದು ವೂಲಿ ಬಗರ್, 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಕಟ್ಟಿದ್ದು. ಅದು ಏನನ್ನು ಹೋಲುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಜಿಗಣೆ, ಮರಿಸಿಗಡಿ, ಹುಳು, ಮೀನು ತನಗೆ ಬೇಕಾದದ್ದು ಅಂದುಕೊಂಡು ತಿನ್ನುತ್ತದೆ. ಇನ್ನೊಂದು ಕ್ಲೌಸರ್ ಮಿನ್ನೋ, ಅದೇ ರಾಜ್ಯದ ಸಸ್ಕ್ವೆಹಾನಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸಿಗೆಂದು ಬಾಬ್ ಕ್ಲೌಸರ್ ಮಾಡಿದ್ದು. ತಲೆಯ ಬಳಿ ಲೋಹದ ಗುಂಡುಗಣ್ಣು ಕಟ್ಟಿರುವುದರಿಂದ ಕೊಕ್ಕೆ ಬೋರಲಾಗಿ ಮೇಲ್ಮುಖವಾಗಿ ಈಜುತ್ತದೆ, ಕಸಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಅದನ್ನು ಎಸೆಯುವಾಗ ತಲೆ ಬಗ್ಗಿಸಿ. ಆ ಗುಂಡು ಹಿಂದಲೆಗೆ ಬಡಿದರೆ ಮನೆಯವರಿಗೆ ವಿವರಿಸುವುದು ಕಷ್ಟ.

ಈ ಹೊತ್ತಿಗೆ ಗೌಡರು ಕಾರ್ಟನ್ನು ತಾವಾಗಿಯೇ ಖಾಲಿ ಮಾಡತೊಡಗಿದ್ದರು. ರಬ್ಬರ್ ಪ್ಯಾಂಟು ಟೆಕ್ಸಾಸಿನ ಬೇಸಿಗೆಯಲ್ಲಿ ಬೆವರಿಳಿಸುವುದಕ್ಕೆ ಬಿಟ್ಟರೆ ಯಾತಕ್ಕೂ ಬರದು, ಚಡ್ಡಿಯಲ್ಲೇ ಹಳ್ಳಕ್ಕಿಳಿಯುವುದು ಇಲ್ಲಿನ ರೂಢಿ. ಇಳಿಯುವ ಮುಂಚೆ ಕಾಟನ್‌ಮೌತ್ ಹಾವು ಬಿಸಿಲು ಕಾಯಿಸುತ್ತಿಲ್ಲವೆಂದು ನೋಡಿಕೊಂಡರೆ ಸಾಕು. ಹದಿನಾರು ಜೇಬಿನ ಬದಲು ಮಗನ ಹಳೆಯ ಸ್ಕೂಲ್‌ಬ್ಯಾಗು. ಬಲೆ ಬೇಡ, ಬಾಸಿನ ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದರೆ ಅದು ತೆಪ್ಪಗಾಗುತ್ತದೆ. ಹಲ್ಲು ಸಣ್ಣವು, ಬೆರಳಿನ ಚರ್ಮ ತರಕಲಾಗುತ್ತದೆ ಅಷ್ಟೆ, ಸೋಮವಾರ ಆಫೀಸಿನಲ್ಲಿ ತೋರಿಸಿಕೊಂಡು ತಿರುಗಬಹುದು. ಕನ್ನಡಕವನ್ನು ಮಾತ್ರ ಬಿಡುವಂತಿಲ್ಲ. ನೀರಿನ ಹೊಳಪು ತೆಗೆಯುವ ಪೋಲರೈಸ್ಡ್ ಕನ್ನಡಕ ಇಪ್ಪತ್ತು ಡಾಲರಿಗೂ ಸಿಗುತ್ತದೆ. ಕಣ್ಣಿನ ಹತ್ತಿರ ಕೊಕ್ಕೆ ಬೀಸುವ ಆಟದಲ್ಲಿ ಅದು ಶೋಕಿಯ ಬಾಬತ್ತಲ್ಲ. ಗೌಡರ ಕಾರಿನಲ್ಲಿ ಒಂದು ಇದೆ, ಬಚಾವು.

ಲೈಸೆನ್ಸನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಟೆಕ್ಸಾಸಿನಲ್ಲಿ ವಾಸವಿರುವವರಿಗೆ ಸಿಹಿನೀರಿನ ಲೈಸೆನ್ಸು 30 ಡಾಲರ್. ಆರು ತಿಂಗಳು ಸತತ ಇಲ್ಲಿದ್ದರೆ ನಿವಾಸಿಗಳ ಲೆಕ್ಕ. ಹದಿನೇಳು ತುಂಬದ ಮಕ್ಕಳಿಗೆ ಬೇಡ. ರಾಜ್ಯದ ಪಾರ್ಕುಗಳೊಳಗೆ ದಡದಿಂದ ಹಿಡಿಯುವವರಿಗೂ ಬೇಡ. ಹಾಗಾಗಿ ಮೊದಲ ಸಲ ಮೆಕಿನ್ನಿ ಫಾಲ್ಸಿಗೆ ಹೋಗೋಣವೆಂದೆ. ಆಸ್ಟಿನ್ ಊರೊಳಗೇ ಇದೆ, ಆನಿಯನ್ ಕ್ರೀಕ್ ಅಲ್ಲಿ ಸುಣ್ಣಕಲ್ಲಿನ ಮೇಲೆ ಹರಿದು ಮಡುವಾಗಿದೆ.

ಅಂಥ ಹಳ್ಳಗಳದೇ ಇನ್ನೊಂದು ಮೀನು ಗ್ವಾಡಲೂಪ್ ಬಾಸ್. ಟೆಕ್ಸಾಸ್ ಬಿಟ್ಟು ಬೇರೆಲ್ಲೂ ಸ್ವಾಭಾವಿಕವಾಗಿ ಹುಟ್ಟದ, 1989ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ ಜಾತಿ. ಆಟಕ್ಕೆ ಚೆನ್ನಾಗಿರುತ್ತದೆಂದು ಹೊರಗಿನ ಸ್ಮಾಲ್‌ಮೌತ್ ಬಾಸನ್ನು ತಂದು ಬಿಟ್ಟಾಗ ಎರಡೂ ಬೆರೆತು ಅಸಲಿ ತಳಿಯೇ ಅಳಿಯುವಂತಾಗಿತ್ತು. ಈಗ ಸರ್ಕಾರ ಶುದ್ಧ ಮರಿಗಳನ್ನು ಬೆಳೆಸಿ ನದಿಗೆ ಬಿಡುತ್ತಿದೆ. ಗಾತ್ರದಲ್ಲಿ ಸಣ್ಣದು, 2014ರಲ್ಲಿ ಆಸ್ಟಿನ್ ಕೆಳಗಿನ ಕೊಲೊರಾಡೊ ನದಿಯಲ್ಲಿ ಫ್ಲೈ ಕಡ್ಡಿಗೇ ಬಿದ್ದು ದಾಖಲೆಯಾದ ಮೀನು 3.71 ಪೌಂಡಿನದು. ಆದರೆ ಹರಿವ ನೀರಲ್ಲಿ ಹುಟ್ಟಿದ ಕಸುವು, ಪೌಂಡಿನ ಮೀನೂ ಕಡ್ಡಿಯನ್ನು ಬಗ್ಗಿಸಿಬಿಡುತ್ತದೆ. ಆ ಹಳ್ಳದಲ್ಲಿ 8ನೇ ನಂಬರು ಸ್ವಲ್ಪ ಹೆಚ್ಚೇ ಎನಿಸಬಹುದು. ಎನಿಸಲಿ, ಎರಡನೆಯ ಕಡ್ಡಿಗೆ ಅರ್ಜಿ ಹಾಕಲು ಮುಂದಿನ ವರ್ಷ ಒಂದು ಕಾರಣ ಬೇಕಲ್ಲ.

ಲೆಕ್ಕ ಹಾಕಿದೆವು. ಕಡ್ಡಿಗೆ ನೂರು, ದಾರಕ್ಕೆ ಐವತ್ತೈದು, ರೀಲಿಗೆ ನಲವತ್ತು, ಲೈಸೆನ್ಸಿಗೆ ಮೂವತ್ತು, ತಂಗೂಸಿ, ಕೊಕ್ಕೆ, ಎರಡು ಫ್ಲೈ ಸೇರಿ ಇಪ್ಪತ್ತೈದು.

“ಕರೆಕ್ಟಾಗಿ 250!” ಎಂದರು ಗೌಡರು. ಮರುಕ್ಷಣವೇ, “ಅಣ್ಣ, ಸೇಲ್ಸ್ ಟ್ಯಾಕ್ಸು? ಎಂಟೂಕಾಲು ಪರ್ಸೆಂಟು?”

“ಅದು ಸರ್ಕಾರದ ವಿಷಯ. ಮನೇಲಿ ಯಾಕೆ ಎತ್ತುತೀರಿ?”

ಕಡ್ಡಿ ಬರುವ ತನಕ ಕಾಯಲಾರೆನೆಂದರು. ನನ್ನದನ್ನೇ ತಂದುಕೊಟ್ಟೆ. ತುದಿಗೆ ಕೊಕ್ಕೆಯ ಬದಲು ಕೆಂಪು ಉಲ್ಲನ್ನಿನ ಚೂರು ಕಟ್ಟಿ ಅವರ ಹಿತ್ತಲ ಹುಲ್ಲಿನ ಮೇಲೆ ಎಸೆಯುವ ಅಭ್ಯಾಸ ಶುರುವಾಯಿತು. ಹೊಸಬರೆಲ್ಲ ತೋಳಿನ ಬಲದಿಂದ ಎಸೆಯುತ್ತಾರೆ. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಒಂದು ಗಳಿಗೆ ತಡೆಯಬೇಕು, ಆಮೇಲೆ ಮುಂದಕ್ಕೆ. ಆ ಒಂದು ಗಳಿಗೆ ಸುಮ್ಮನಿರುವುದು ಸಾಫ್ಟ್‌ವೇರ್ ಜನರಿಗೆ ಬಹಳ ಕಷ್ಟ. ಮೊದಲರ್ಧ ಗಂಟೆ ಉಲ್ಲನ್ನು ಅವರ ಕಿವಿಯಲ್ಲಿ, ನಮ್ಮ ಕರಿಬೇವಿನ ಕುಂಡದಲ್ಲಿ, ಒಣಹಾಕಿದ್ದ ಪಂಚೆಯಲ್ಲಿ ಕೂತು ಎದ್ದು ಬಂತು. ಹಲವು ಆರ್ವಿಸ್ ಅಂಗಡಿಗಳಲ್ಲಿ ಈ ಪಾಠವನ್ನು ಬಿಟ್ಟಿಯಾಗಿ ಹೇಳಿಕೊಡುತ್ತಾರೆ, ನನಗಿಂತ ಚೆನ್ನಾಗಿ. ನೂರು ಡಾಲರಿನ ಕಡ್ಡಿಗೂ ಸಾವಿರದ ಕಡ್ಡಿಗೂ ಇರುವ ಅಂತರದ ಮುಕ್ಕಾಲು ಪಾಲನ್ನು ಆ ಒಂದು ಪಾಠ ಮುಚ್ಚುತ್ತದೆ.

“ಪಾಪರ್ ನೀರಿಗೆ ಬಿದ್ದ ಕೂಡಲೇ ಎಳೀಬೇಡಿ. ಸುತ್ತ ಎದ್ದ ಉಂಗುರ ಎಲ್ಲಾ ಅಡಗೋವರೆಗೂ ಬಿಡಿ. ಆಮೇಲೆ ಒಂದು ಸಲ, ಬುಳಕ್ ಅಂತ. ಮತ್ತೆ ಬಿಡಿ. ಸಾಯಂಕಾಲ ಬಿಸಿಲು ಇಳಿದ ಮೇಲೆ, ಕಳೆಯ ಅಂಚಿನಲ್ಲಿ.”

“ಕಚ್ಚಿದ್ರೆ ಗೊತ್ತಾಗುತ್ತಾ?”

“ಪಕ್ಕದ ಬೀದಿಯೋರಿಗೂ ಗೊತ್ತಾಗುತ್ತೆ.”

ಆಗ ಗೌಡರ ಮನೆಯವರು ಹಿತ್ತಲಿಗೆ ಬಂದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ, ನೇರ ವಿಷಯಕ್ಕೇ ಬಂದರು.

“ಅಣ್ಣಾವ್ರೇ, ಹಿಡಿದ ಮೀನು ಮನೆಗೆ ತರ್ತಾರಾ, ಇಲ್ಲಾ ನಿಮ್ಮ ಹಂಗೆ ಫೋಟೊ ತೆಗೆದು ಬಿಟ್ಟು ಬರ್ತಾರಾ?”

ನಾನು ನಿಯಮ ಹೇಳಿದೆ. ಸಾಮಾನ್ಯವಾಗಿ ಲಾರ್ಜ್‌ಮೌತ್ 14 ಇಂಚಿಗಿಂತ ಉದ್ದ ಇರಬೇಕು, ದಿನಕ್ಕೆ ಐದು. ಕಾನೂನು ತಿನ್ನಬೇಡ ಎನ್ನುವುದಿಲ್ಲ, ಪೆರಿಯ ಮನೆಯವರು ವಿಶ್ವದಾಖಲೆಯನ್ನೇ ತಿಂದರು. ಆದರೆ ಬಡಾವಣೆಯ ಹೊಂಡದಲ್ಲಿ ಇರುವುದೇ ಹತ್ತಿಪ್ಪತ್ತು ದೊಡ್ಡ ಮೀನು, ಐದೈದು ತಂದರೆ ಒಂದು ತಿಂಗಳಲ್ಲಿ ಹೊಂಡ ಬರಿದು. ಹಾಗಾಗಿ ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ ಹಿಡಿಯುವುದು, ನೀರಿನಿಂದ ಹೆಚ್ಚು ಹೊತ್ತು ಹೊರಗಿಡದೆ ಬಿಡುವುದು. ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ 250 ಡಾಲರ್ ಖರ್ಚು ಮಾಡಿ, ಮೀನು ಹಿಡಿದು, ಮತ್ತೆ ನೀರಿಗೇ ಬಿಟ್ಟು ಬರೋದು.”

“ಟ್ಯಾಕ್ಸ್ ಬೇರೆ,” ಎಂದುಬಿಟ್ಟರು ಗೌಡರು. ಬಾಯಿ ತಪ್ಪಿ ಬಂದದ್ದು, ತಡೆಯಲು ನನಗೆ ಸಮಯವಿರಲಿಲ್ಲ.

ಆಕೆ ಒಂದು ನಿಮಿಷ ಗಂಡನನ್ನೂ ಕಡ್ಡಿಯನ್ನೂ ನೋಡಿದರು.

“ಆಗ್ಲಿ, ಹೋಗ್ಬನ್ನಿ. ಬರೋವಾಗ ಎಚ್‌ಇಬಿ ಅಂಗಡಿಯಿಂದ ಎರಡು ಪೌಂಡು ಕ್ಯಾಟ್‌ಫಿಶ್ ತಗೊಂಬನ್ನಿ, ಸಾರಿಗೆ ಖಾರ ರುಬ್ಬಿಟ್ಟಿರ್ತೀನಿ.”